ಹದಿನೇಳೆಂಟ್ಲೆ ಬಂದಾಗ

ನಮ್ಮೂರ ಶಾಲೆ ನಮ್ಮ ಕಟ್ಟೆಗೆ ಎದುರು. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಎಲ್ಲ ತರಗತಿ ಸೇರಿ ಇಪ್ಪತ್ತು ಮಕ್ಕಳಿದ್ದರೆ ಹೆಚ್ಚು. ಸಂಜೆ ಗಂಟೆ ಹೊಡೆಯುವ ಮೊದಲು ಒಬ್ಬರು ಮುಂದೆ ನಿಂತು ಮಗ್ಗಿ ಹೇಳಬೇಕು, ಉಳಿದವರು ಅದನ್ನೇ ಕೂಗಬೇಕು. ಮುಂದೆ ನಿಲ್ಲುವುದು ಜಾಣರಿಗೆ ಮಾತ್ರ. ಆ ಜಾಗ ನನ್ನ ವಾರಗಿತ್ತಿಯ ಮೊಮ್ಮಗಳದು. ಅದೇ ನಾಲ್ಕನೇ ತರಗತಿಯ ನನ್ನ ಮೊಮ್ಮಗಳು ಹಿಂದಿನ ಸಾಲಿನಲ್ಲಿ.

ವಾರಗಿತ್ತಿಯೆಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಪಕ್ಕದ ಮನೆಯವಳು. ಸಂಜೆಯಾದರೆ ಎಲೆ ಅಡಿಕೆ ಹಿಡಿದು ನನ್ನ ಕಟ್ಟೆಗೇ ಬಂದು ಕೂರುವಳು.

“ಕೇಳಿದೇನಬೇ ನಮ್ಮಾಕಿ ದನಿ? ಗಂಟಿ ಹೊಡದಂಗ ಐತಿ.”

“ನನಗೂ ಕಿವಿ ಅದಾವಕ್ಕ.”

“ನಿಮ್ಮಾಕಿ ಬಾಯಾಗ ಏನ್ ಇಟ್ಕೊಂಡಾಳ, ಬೆಲ್ಲನಾ?”

ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಒಂದೇ ಒಂದು ದಿನ ನನ್ನ ಕೂಸು ಮುಂದೆ ನಿಂತು ಮಗ್ಗಿ ಹೇಳಬೇಕು, ಈಕೆ ಪಕ್ಕದಲ್ಲಿ ಕೂತು ಕೇಳಬೇಕು. ನನಗೆ ಬೇಕಾದದ್ದು ಇಷ್ಟೇ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಹತ್ತರಾಚೆಯ ಮಗ್ಗಿ ಬಾರದು. ಆದರೆ ಹೊಟ್ಟೆಕಿಚ್ಚಿನವರ ಕಿವಿ ಚುರುಕು. ಹದಿನೇಳೆಂಟ್ಲೆ ಬಂದಾಗ ಆ ಗಂಟೆಯಂಥ ದನಿ ದಿನವೂ ಒಂದು ಗಳಿಗೆ ನಿಲ್ಲುತ್ತಿತ್ತು. ಆಮೇಲೆ ‘ನೂರಾ ಮೂವತ್ತಾರು’ ಎಂದು ಇನ್ನೂ ಜೋರಾಗಿ ಬರುತ್ತಿತ್ತು. ಆ ಗಳಿಗೆಗಾಗಿ ನಾನು ಕಾಯುತ್ತಿದ್ದೆ.

ಆಗಷ್ಟೇ ಹಗರಿಬೊಮ್ಮನಹಳ್ಳಿಯಲ್ಲಿ ಇಂಗ್ಲಿಷ್ ಶಾಲೆ ಶುರುವಾಗಿತ್ತು. ಜೂನಿನಲ್ಲಿ ವಾರಗಿತ್ತಿಯ ಮಗ ಹುಡುಗಿಯನ್ನು ಅಲ್ಲಿಗೆ ಹಾಕಿದ. ಮೇಷ್ಟ್ರು ಹಾಜರಿ ಪುಸ್ತಕ ಹಿಡಿದು ವಾರಗಿತ್ತಿಯ ಬಾಗಿಲಿಗೇ ಬಂದರು. “ಇರೋ ಮಕ್ಕಳೇ ಕಡಿಮಿ ಅಮ್ಮಾ. ಇದೊಂದು ಹೆಸರು ಉಳಸ್ರಿ.” ಅವರನ್ನು ಕಂಡು ಪಾಪ ಅನ್ನಿಸಿತು. ಆದರೂ ನನಗೆ ಹಾಲು ಕುಡಿದಷ್ಟು ಖುಷಿ. ಮರುದಿನ ಬಿಳಿ ಕಾಲುಚೀಲ ಹಾಕಿಕೊಂಡು ಆ ಹುಡುಗಿ ಬಸ್ಸು ಹತ್ತಿದಾಗ ಅದಕ್ಕೂ ಹೊಟ್ಟೆ ಉರಿಯಿತು.

ಆ ಸಂಜೆ ಮುಂದೆ ನಿಂತವಳು ನನ್ನ ಮೊಮ್ಮಗಳು. ಸಣ್ಣ ದನಿ. ವಾರಗಿತ್ತಿ ಎಲೆಗೆ ಸುಣ್ಣ ಹಚ್ಚುತ್ತ, “ನಮ್ಮಾಕಿ ಬಿಟ್ಟುಹೋದ ಜಾಗ,” ಎಂದಳು. ಹದಿನೇಳರ ಮಗ್ಗಿ ಬಂತು. ಹದಿನೇಳೆಂಟ್ಲೆ ನೂರಾ ಮೂವತ್ತಾರು, ನೀರು ಹರಿದಂತೆ ದಾಟಿಹೋಯಿತು. ಸುಣ್ಣದ ಬೆರಳು ಅಲ್ಲೇ ನಿಂತಿತು.

“ನಿಲ್ಲಲೇ ಇಲ್ಲಲ್ಲಬೇ ಈಕಿ!”

ಅಯ್ಯೋ, ಇವಳೂ ಇಷ್ಟು ದಿನ ಆ ಗಳಿಗೆಯನ್ನು ಎಣಿಸುತ್ತಿದ್ದಳು!

ಶಾಲೆ ಮುಗಿಸಿ ಬಂದ ನನ್ನ ಮೊಮ್ಮಗಳನ್ನು ಇಬ್ಬರೂ ಹಿಡಿದು ಕೇಳಿದೆವು. “ಆಕಿಗೆ ಹದಿನೇಳೆಂಟ್ಲೆ ದಿನಾ ಮರೀತಿತ್ತಜ್ಜಿ. ನಾ ಹಿಂದಿಂದ ಮೆಲ್ಲಕ ಹೇಳ್ಕೊಡ್ತಿದ್ದೆ,” ಎಂದು ಚೀಲ ಇಟ್ಟು ಆಡಲು ಓಡಿದಳು.

ನನಗೆ ಕಟ್ಟೆ ಮೇಲೆ ಕೂರಲಾಗಲಿಲ್ಲ, ಎದ್ದು ನಿಂತೆ. ನಗುವೋ ಅಳುವೋ ಗೊತ್ತಾಗಲಿಲ್ಲ. “ಕೇಳಿದೇನಕ್ಕಾ?” ಎಂದೆ. ಎಷ್ಟು ದಿನದಿಂದ ನಾಲಿಗೆ ಮೇಲೆ ಕೂತಿದ್ದ ಮಾತದು!

ವಾರಗಿತ್ತಿ ಎಲೆ ಮಡಚಿ ಬಾಯಿಗಿಟ್ಟುಕೊಂಡಳು. ಆಮೇಲೆ, “ಐತವಾರ ನಮ್ಮಾಕಿನ ಕಳಸ್ಲೇನು? ಇಬ್ರೂ ಕೂತು ಓದ್ಕೊಳ್ಳಿ,” ಎಂದಳು.

ಹೋಗಿ ಬರುವ ಜನಕ್ಕೆಲ್ಲ ಯಾರು ಯಾರಿಗೆ ಹೇಳಿಕೊಡುತ್ತಿದ್ದಾರೆಂದು ಕಾಣಬೇಕಿತ್ತಲ್ಲ.

“ಕಳಸಕ್ಕ,” ಎಂದೆ. “ನಮ್ಮ ಕಟ್ಟಿ ಮ್ಯಾಲೇ ಕೂಡ್ಲಿ.”