ತೆರೆಯ ಮೇಲೆ ಇಲ್ಲದ ಮಾತು

"ಕನ್ನಡಕ ಕಾರಿನಲ್ಲೇ ಬಾಕಿ ಮಾರಾಯ್ತಿ, ಒಂದಕ್ಷರ ಕಾಣುವುದಿಲ್ಲ" ಎಂದು ನನ್ನ ಗಂಡ ಪಿಸುಗುಟ್ಟಿದರು. ಕುವೈತಿನ ಫಿಂಟಾಸ್ ಎಂಬಲ್ಲಿನ ಶಾಲೆಯೊಂದರ ಸಭಾಂಗಣದಲ್ಲಿ ಲಿಥುವೇನಿಯಾ ದೇಶದ ಕಿರುಚಿತ್ರ ಆಗಷ್ಟೇ ಶುರುವಾಗಿತ್ತು. ಮಾತಿನ ಅರ್ಥ ತೆರೆಯ ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ಬಹುಕಾಲ ದೂರವಿದ್ದ ತಂದೆ ಮಗ ಸೇರಿ ಹಳೆಯ ದೋಣಿಯೊಂದನ್ನು ಸರೋವರದಿಂದ ದಡಕ್ಕೆಳೆಯುವ ಕಥೆ ಅದು.

ನಾನು ಓದಿ ಹೇಳಬೇಕೆನ್ನುವಷ್ಟರಲ್ಲಿ, ನನ್ನ ಇನ್ನೊಂದು ಪಕ್ಕದಲ್ಲಿದ್ದ ಮಗ ಅಪ್ಪನತ್ತ ಬಗ್ಗಿ ಒಂದೊಂದೇ ಸಾಲನ್ನು ನಮ್ಮ ಮನೆಮಾತು ಕೊಂಕಣಿಯಲ್ಲಿ ಹೇಳತೊಡಗಿದ. ನಾನು ಬೆಚ್ಚಿದೆ. ಕುವೈತಿನಲ್ಲೇ ಬೆಳೆದ ಅವನು ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರಿಸುವವನು, ಅದೂ ನನಗೆ ಮಾತ್ರ. ಅವನು ಕಾಲೇಜನ್ನು ಅರ್ಧಕ್ಕೇ ಬಿಟ್ಟು ಬಂದ ಮೇಲೆ ಅಪ್ಪ ಮಗನಿಗೆ ಮಾತಿರಲಿಲ್ಲ. "ಅವನಿಗೆ ಹೇಳು", "ಪಪ್ಪನಿಗೆ ಹೇಳು" ಎಂದು ಇಬ್ಬರೂ ನನ್ನನ್ನೇ ನಡುವೆ ಓಡಾಡಿಸುತ್ತಿದ್ದರು.

ಕೊನೆಗೆ ದೋಣಿ ದಡ ಸೇರಿತು. ಚಿತ್ರದ ಮಗ ತನ್ನ ಕೋಟು ಬಿಚ್ಚಿ ತಂದೆಗೆ ಹೊದಿಸಿದ. ನನ್ನ ಮಗ ಹೇಳಿದ: "ನನ್ನ ಮೇಲೆ ಇನ್ನೂ ಕೋಪ ಉಂಟಾ ಪಪ್ಪಾ, ಅಂತ ಕೇಳ್ತಿದ್ದಾನೆ."

ತೆರೆಯ ಮೇಲೆ ಯಾರೂ ಬಾಯಿ ತೆರೆದಿರಲಿಲ್ಲ. ಕೆಳಗೆ ಅಕ್ಷರವೂ ಇರಲಿಲ್ಲ.

ನನ್ನ ಗಂಡ ತೆರೆಯಿಂದ ಕಣ್ಣು ತೆಗೆಯದೆ, "ಇಲ್ಲ ಮಗಾ" ಎಂದರು.

ವಾಪಸು ಹೊರಟಾಗ ಮುಂದಿನ ಸೀಟನ್ನು ಮಗನಿಗೆ ಬಿಟ್ಟು ನಾನು ಹಿಂದೆ ಕೂತೆ. ಮುಂದೆ ಕೊಂಕಣಿ, ಇಂಗ್ಲಿಷ್ ಬೆರೆತು ತಡವರಿಸುತ್ತಾ ಮಾತು ನಡೆದಿತ್ತು. ಫರ್ವಾನಿಯಾದ ಮನೆ ತಲುಪುವವರೆಗೂ ಇಬ್ಬರಲ್ಲಿ ಒಬ್ಬರೂ ಹಿಂದೆ ತಿರುಗಿ ನನಗೇನೂ ಹೇಳಲಿಲ್ಲ.