ಕರಿಗುಡ್ಡದ ಸಂತೆಯಲ್ಲಿ ಚಿಗವ್ವನ ಜಾಗ

ಮಂಗಳವಾರ ಮಧ್ಯಾಹ್ನ ಅಂಗಡಿಯ ಶಟರ್ ಎಳೆದು ಯಾದಗಿರಿ ಬಸ್ ನಿಲ್ದಾಣಕ್ಕೆ ಬಂದಾಗ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಮದುವೆಗಳ ಹಂಗಾಮು. ಹೊಲಿಯಬೇಕಾದ ಜಂಪರುಗಳು ಮಷೀನಿನ ಪಕ್ಕದಲ್ಲಿ ರಾಶಿ ಬಿದ್ದಿದ್ದವು. ಅಂಥ ಹೊತ್ತಿನಲ್ಲಿ ನಾರಾಯಣಪುರದ ಚಿಗವ್ವ ಪಕ್ಕದ ಮನೆಯವರಿಂದ ಫೋನ್ ಮಾಡಿಸಿ, "ನಾಳಿಗೆ ಸಂತಿಗೆ ಹೊಂಟೇನಿ. ನೀ ಬಂದ್ರ ಬಾ, ಇಲ್ಲಂದ್ರ ಒಬ್ಬಾಕೇ ಹೋಗ್ತೇನಿ" ಎಂದಿದ್ದಳು. ಚಿಗವ್ವ ಅಂದರೆ ನನ್ನ ತಾಯಿಯ ತಂಗಿ ಹೊನ್ನವ್ವ. ದಸರೆ ಮುಗಿದ ಮೇಲೆ ನದಿಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಟೊಂಕದ ಎಲುಬು ಮುರಿದುಕೊಂಡು, ಕಲಬುರಗಿಯ ಆಸ್ಪತ್ರೆಯಲ್ಲಿ ಮಲಗಿ ಎದ್ದು, ಈಚೆಗಷ್ಟೇ ಕೋಲು ಹಿಡಿದು ಅಂಗಳದಲ್ಲಿ ಓಡಾಡತೊಡಗಿದ್ದಳು. ಅಂಥವಳು ಗೋಗಿಯ ಆಚೆಗಿನ ಕರಿಗುಡ್ಡದ ಬುಧವಾರದ ಸಂತೆಗೆ ಒಣ ಮೀನು ಮಾರಲು ಹೊರಟಿದ್ದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೆಂಗಸರಿಗೆ ಟಿಕೇಟಿನ ದುಡ್ಡಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ಬರೆದ ಚೀಟಿ ಕೈಗೆ ಬರುತ್ತದೆ. ಭೀಮಾ ಸೇತುವೆ ದಾಟಿದ ಮೇಲೆ ಎರಡೂ ಬದಿ ಹತ್ತಿ ಬಿಡಿಸಿದ ಹೊಲಗಳು, ಅಲ್ಲಲ್ಲಿ ಒಣಹಾಕಿದ ಮೆಣಸಿನಕಾಯಿಯ ಕೆಂಪು. ಶಹಾಪುರದಲ್ಲಿ ಬಸ್ಸು ಬದಲಿಸುವಾಗ ಎರಡು ಮಿರ್ಚಿ ತಿಂದು ಚಹಾ ಕುಡಿದೆ. ಸುರಪುರ, ರಂಗಂಪೇಟೆ, ಹುಣಸಗಿ ದಾಟಿ ನಾರಾಯಣಪುರ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ನೀರಾವರಿಯವರ ಕ್ವಾರ್ಟರ್ಸಿನ ಹಿಂದಿನ ಓಣಿಗೆ ಕಾಲಿಟ್ಟರೆ ಸಾಕು, ಒಣ ಮೀನಿನ ವಾಸನೆ ಎದುರಿಗೆ ಬಂದು ಕೈಹಿಡಿದು ಕರೆದೊಯ್ಯುತ್ತದೆ. ಮೀನುಗಾರರ ಮನೆಯಲ್ಲೇ ಹುಟ್ಟಿದರೂ ನನಗೆ ಆ ವಾಸನೆ ಆಗದು.

ಚಿಗವ್ವ ಬುಟ್ಟಿ ಕಟ್ಟಿಟ್ಟುಕೊಂಡೇ ಕೂತಿದ್ದಳು.

"ಡಾಕ್ಟರು ನೆಲದ ಮ್ಯಾಲ ಕುಂದ್ರಬ್ಯಾಡ ಅಂದಾರ. ಅಲ್ಲಿ ನಿನಗ ಕುರ್ಚಿ ಹಾಕಿರ್ತಾರೇನು?" ಎಂದೆ.

"ಕುರ್ಚಿ ಅಲ್ಲ, ಜಾಗ ಅದನೋ ಇಲ್ಲೋ ನೋಡಬೇಕು" ಎಂದಳು. "ಇಷ್ಟು ವಾರ ಬಿಟ್ಟೇನಿ. ಯಾರರೆ ಕುಂತುಬಿಟ್ಟಿದ್ರ?"

ಅವಳ ಭಯ ಅದೊಂದೇ. ನದಿಯ ದಂಡೆಯ ಊರುಗಳಲ್ಲಿ ಹಸಿ ಮೀನೇ ಸಿಗುವಾಗ ಒಣ ಮೀನು ಯಾರಿಗೂ ಬೇಡ. ನೀರಿನಿಂದ ದೂರ ಹೋದಷ್ಟೂ ಅದಕ್ಕೆ ಗಿರಾಕಿ. ಗಂಡ ತೀರಿಕೊಂಡ ವರ್ಷ ಯಾರೋ ಹೇಳಿದರೆಂದು ಕರಿಗುಡ್ಡಕ್ಕೆ ಹೋದವಳು, ಅಲ್ಲಿನ ಬೇವಿನ ಗಿಡದ ಸಾಲಿನಲ್ಲಿ ಒಂದು ಗೋಣಿತಟ್ಟು ಹಾಸುವಷ್ಟು ನೆಲ ಹಿಡಿದಳು. ಮನೆ ಗಂಡನ ಅಣ್ಣತಮ್ಮಂದಿರದು, ದೋಣಿ ಮೈದುನನದು. ತನ್ನದು ಅಂತ ಅವಳು ಹೇಳಿಕೊಳ್ಳುತ್ತಿದ್ದುದು ಆ ಸಂತೆಯ ಜಾಗ ಒಂದನ್ನೇ. ಅದಕ್ಕೆ ಕಾಗದವಿಲ್ಲ, ಪತ್ರವಿಲ್ಲ. ಸಾಲಿನವರು ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ.

ಬುಧವಾರ ಮೊದಲ ಬಸ್ಸಿಗೆ ಹೊರಟೆವು. ಥಂಡಿ ಇನ್ನೂ ಇತ್ತು, ಕಾಲುವೆಯ ಮೇಲೆ ಮಂಜು ನಿಂತಿತ್ತು. ಕಂಡಕ್ಟರ್ ಬುಟ್ಟಿ ನೋಡಿ ಮುಖ ಕಿವುಚಿದ.

"ಆಯಿ, ಇದು ಮೀನ ಹೌದಲ್ಲೋ? ಮಂದಿ ನನ್ನ ಬೈತಾರ."

"ಮೂರು ಸುತ್ತು ಪ್ಲಾಸ್ಟಿಕ್ ಕಟ್ಟೇನಪ್ಪ. ಮಂದಿಗೆ ಬರೂ ವಾಸನಿ ನಂದು, ಮೀನಂದಲ್ಲ" ಎಂದಳು ಚಿಗವ್ವ.

ಹಿಂದಿನ ಸೀಟಿನವರು ನಕ್ಕರು. ಕಂಡಕ್ಟರನೇ ಬುಟ್ಟಿ ಎತ್ತಿ ಕೊನೆಯ ಸೀಟಿನ ಕೆಳಗೆ ತಳ್ಳಿದ. ರಸ್ತೆಯ ಗುಂಡಿಗಳಲ್ಲಿ ಬಸ್ಸು ಕುಣಿದಾಗಲೆಲ್ಲ ಚಿಗವ್ವ ನನ್ನ ತೊಡೆ ಹಿಡಿದುಕೊಳ್ಳುತ್ತಿದ್ದಳು. ನೋವೇ ಎಂದು ಕೇಳಿದರೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಸುರಪುರದಲ್ಲಿ ಬಿಸಿ ಸುಸಲಾ ತಿನ್ನಿಸಿದೆ. ಶಹಾಪುರದಿಂದ ಗೋಗಿಗೆ ಇನ್ನೊಂದು ಬಸ್ಸು, ಅಲ್ಲಿಂದ ಕರಿಗುಡ್ಡಕ್ಕೆ ಶೇರ್ ಆಟೋ: ತಲೆಗೆ ಇಪ್ಪತ್ತು ರೂಪಾಯಿ, ಬುಟ್ಟಿಗೂ ಒಂದು ತಲೆಯ ಲೆಕ್ಕ. ಆಟೋದಲ್ಲಿ ನಮ್ಮ ಜೊತೆಗೆ ಕೋಳಿ ಕಟ್ಟಿಕೊಂಡ ಇಬ್ಬರು, ಬೆಲ್ಲದ ಪೆಂಟೆಯೊಂದಿಗೆ ಒಬ್ಬರು. ಯಾರೂ ಮೀನಿನ ಬಗ್ಗೆ ಮಾತಾಡಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಇಳಿದೆವು. ಕರಿಗುಡ್ಡದ ಸಂತೆ ದೊಡ್ಡದಲ್ಲ. ಶಾಲೆಯ ಗೋಡೆಯಿಂದ ಬೇವಿನ ಗಿಡಗಳವರೆಗೆ ನಾಲ್ಕು ಸಾಲು. ಮೊದಲು ಕಾಯಿಪಲ್ಯ, ಆಮೇಲೆ ಕಾಳುಕಡಿ, ಆಮೇಲೆ ಬಟ್ಟೆ ಮತ್ತು ಪ್ಲಾಸ್ಟಿಕ್ ಸಾಮಾನು. ಗಾಳಿ ಊರ ಕಡೆಯಿಂದ ಬೀಸುವುದರಿಂದ ಒಣ ಮೀನಿಗೆ ತೀರ ಕೊನೆಯ ಸಾಲು, ಅದರಲ್ಲೂ ಕೊನೆಯ ಜಾಗ. ಬಳ್ಳೊಳ್ಳಿ, ಉಪ್ಪು, ಹುಣಸೆಹಣ್ಣು, ಮಂಡಕ್ಕಿ ಚುರುಮುರಿ ಮಾರುವವರೆಲ್ಲ ಆ ಸಾಲಿನವರೇ. ನಾನು ಬುಟ್ಟಿ ಹೊತ್ತು ಮುಂದೆ, ಚಿಗವ್ವ ಕೋಲೂರಿಕೊಂಡು ಹಿಂದೆ ನಡೆದೆವು.

ನಾವು ಸಾಲಿಗೆ ಬರುತ್ತಿದ್ದಂತೆ ಬಳ್ಳೊಳ್ಳಿ ತೂಗುತ್ತಿದ್ದ ಮುದುಕ ತಕ್ಕಡಿ ಕೆಳಗಿಟ್ಟ. ಉಪ್ಪಿನವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚಿಗವ್ವನ ಜಾಗದಲ್ಲಿ ರಿಬ್ಬನ್ನು, ಪಿನ್ನು, ನೂಲಿನ ಉಂಡೆ ಹರಡಿಕೊಂಡು ಒಬ್ಬ ಹರೆಯದ ಹೆಂಗಸು ಕೂತಿದ್ದಳು. ಅವಳು ನಮ್ಮನ್ನು ಗುರುತಿಸಲಿಲ್ಲ.

"ಯಾಕ, ಕುಂತಬಿಟ್ಟಾಳ?" ಎಂದಳು ಚಿಗವ್ವ. "ಸಿದ್ದಪ್ಪ, ಸಾಲಿನ ಹಿರ್ಯಾ ನೀ. ನಾ ಸತ್ತೇನೇನು, ನನ್ನ ಜಾಗ ಕೊಡಾಕ?"

ಬಳ್ಳೊಳ್ಳಿಯ ಸಿದ್ದಪ್ಪ ಎದ್ದು ಬಂದು ಅವಳ ಕೈ ಮುಟ್ಟಿ ನೋಡಿದ.

"ಹೌದ್ ಹೊನ್ನಕ್ಕ, ಸತ್ತಿ ಅಂತನ ಕೊಟ್ಟೇವಿ" ಎಂದ.

ಅವನು ಹೇಳಿದ್ದು ಇಷ್ಟು. ಚಿಗವ್ವ ಆಸ್ಪತ್ರೆಯಲ್ಲಿದ್ದಾಗ, ನಾರಾಯಣಪುರಕ್ಕೂ ಈ ಸಂತೆಗೂ ಓಡಾಡುವ ಹಗ್ಗ-ಬಲೆ ಮಾರುವವನೊಬ್ಬ ಅವಳ ಓಣಿಯಿಂದ ಹೆಣ ಹೊರಟದ್ದನ್ನು ಕಂಡು ಬಂದು, ಮೀನಿನ ಮುದುಕಿ ಹೋದಳು ಎಂದು ಹೇಳಿದ. ಸತ್ತವಳು ಎದುರು ಮನೆಯ ತಿಪ್ಪವ್ವ. ಆದರೆ ವಾರವಾರವೂ ಖಾಲಿ ಬಿದ್ದ ಜಾಗ ಕಣ್ಣೆದುರಿಗೇ ಇತ್ತು. ಯಾರಿಗೂ ಸಂಶಯ ಬರಲಿಲ್ಲ. ಆ ಸಾಲಿನಲ್ಲಿ ಒಂದು ಪದ್ಧತಿಯಿದೆ. ಕೂತು ಮಾರಿದವರು ಸತ್ತರೆ ಒಂದು ಸಂತೆಯ ದಿನ ಅವರ ಜಾಗ ಖಾಲಿ ಬಿಡುತ್ತಾರೆ. ಸಾಲಿನ ಪ್ರತಿಯೊಬ್ಬರೂ ತಮ್ಮ ತಮ್ಮ ಮಾಲಿನಲ್ಲಿ ಒಂದು ಮುಷ್ಟಿ ತಂದು ಅಲ್ಲಿ ಇಡುತ್ತಾರೆ. ಸಂಜೆ ಅದನ್ನೆಲ್ಲ ಕಟ್ಟಿ ಮಠದ ದಾಸೋಹಕ್ಕೆ ಕೊಡುತ್ತಾರೆ. ಅಲ್ಲಿಗೆ ಜಾಗದ ಋಣ ಹರಿಯಿತು. ಮುಂದಿನ ವಾರ ಬೇರೆಯವರು ಕೂಡಬಹುದು.

ನನಗೆ ಸಿಟ್ಟು ಬಂತು, ಒಂದು ಫೋನ್ ಮಾಡಿ ಕೇಳಲು ಏನಾಗಿತ್ತು ಇವರಿಗೆ ಎಂದುಕೊಂಡೆ. ಚಿಗವ್ವ ಮಾತ್ರ ಕೋಲಿನ ಮೇಲೆ ಭಾರ ಹಾಕಿ ಸಾಲಿನ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ನೀ ಏನಿಟ್ಟಿ?" ಎಂದು ಉಪ್ಪಿನವಳನ್ನು ಕೇಳಿದಳು.

"ಉಪ್ಪ ಯವ್ವಾ. ಹಳ್ಳುಪ್ಪ."

"ಸಿದ್ದಪ್ಪ ನೀ?"

"ನಾಕು ಗಡ್ಡಿ ಬಳ್ಳೊಳ್ಳಿ. ಛಲೋವ ಆರಿಸಿ ಇಟ್ಟೇನಿ."

ಹುಣಸೆಹಣ್ಣಿನವರು ಹುಣಸೆಹಣ್ಣು ಅಂದರು. ಕೊನೆಗೆ ಪಕ್ಕದ ಜಾಗದ ಚುರುಮುರಿಯ ಖಾಜಾಬಿಯ ಕಡೆ ತಿರುಗಿದಳು. ಗೋಗಿಯ ಖಾಜಾಬಿಯೂ ಚಿಗವ್ವನೂ ಅಷ್ಟು ವರ್ಷ ಒಂದೇ ಛತ್ರಿಯ ನೆರಳಲ್ಲಿ ಕೂತವರು, ಒಂದೇ ಡಬ್ಬಿಯಲ್ಲಿ ರೊಟ್ಟಿ ಮುರಿದವರು. ಖಾಜಾಬಿ ನಾವು ಬಂದಾಗಿನಿಂದ ಅಳುತ್ತಲೇ ಇದ್ದಳು.

"ನಾ ಇಡ್ಲಿಲ್ಲಕ್ಕಾ" ಎಂದಳು. "ಎಲ್ಲಾರು ಬೈದರು. ಇಡು ಇಡು ಅಂದರು. ಚುರುಮುರಿ ಹೆಣದ ಮುಂದ ಚೆಲ್ಲತಾರ. ನಿನ್ನ ಜಾಗದಾಗ ನನ್ನ ಕೈಲೆ ಹೆಂಗ ಚೆಲ್ಲಲಿ? ಖುದಾ ಕಸಮ್, ಮನಸ್ಸ ಬರಲಿಲ್ಲ."

ಸಿದ್ದಪ್ಪ ತಲೆ ಕೆರೆದುಕೊಂಡ. ಒಂದು ಮುಷ್ಟಿ ಕಡಿಮೆ ಬಿದ್ದರೆ ಜಾಗದ ಋಣ ಹರಿದಂತಲ್ಲ ಎಂದು ಆಗಲೇ ತಾನು ಹೇಳಿದ್ದೆ, ಆದರೆ ಪಾಪ, ಈ ರೇಣುಕಾ ಬಸ್ಸು ತಿರುಗಿಸುವ ಕಡೆ ಧೂಳಿನಲ್ಲಿ ಕೂತು ಮಾರುತ್ತಿದ್ದಳು, ಅದಕ್ಕೆ ಇಲ್ಲಿ ಕೂಡಿಸಿದೆವು ಎಂದ. ರಿಬ್ಬನ್ನಿನ ರೇಣುಕಾ ಅಷ್ಟರಲ್ಲಿ ಯಾರೂ ಹೇಳದೆಯೇ ತನ್ನ ಸಾಮಾನನ್ನೆಲ್ಲ ಸೀರೆಯ ಮಡಿಲಿಗೆ ಬಳಿದುಕೊಂಡು ಎದ್ದುಬಿಟ್ಟಿದ್ದಳು.

"ಕುಂದರ್ರಿ ಯವ್ವಾ. ನಿಮ್ಮದನ ಜಾಗ" ಎಂದು ಹಿಂದೆ ಸರಿದಳು.

ಚಿಗವ್ವ ಗೆದ್ದಳು ಎಂದೇ ನನಗನಿಸಿತು. ತಟ್ಟು ಹಾಸಿದೆವು. ಪಕ್ಕದ ಚಹಾದಂಗಡಿಯಿಂದ ಸ್ಟೂಲು ತರುತ್ತೇನೆ ಎಂದರೆ ಕೇಳಲಿಲ್ಲ. ಮೇಲೆ ಕೂತರೆ ಗಿರಾಕಿಯೇ ಕೆಳಗಾಗುತ್ತಾನೆ, ತಕ್ಕಡಿಯೂ ಕಾಣುವುದಿಲ್ಲ ಎಂದಳು. ನಾನೂ ಖಾಜಾಬಿಯೂ ತೋಳು ಹಿಡಿದು ಇಳಿಸಿದೆವು. ಕೂತವಳು ಬುಟ್ಟಿ ಬಿಚ್ಚಿ, ಸಣ್ಣ ಮೀನು ಒಂದು ಕಡೆ, ಸೀಳಿ ಒಣಗಿಸಿದ ದೊಡ್ಡವು ಒಂದು ಕಡೆ ಜೋಡಿಸಿದಳು. ಸತ್ತವಳು ಎದ್ದು ಬಂದಿದ್ದಾಳೆ ಎಂಬ ಸುದ್ದಿ ಕಾಯಿಪಲ್ಯದ ಸಾಲಿನವರೆಗೂ ಹೋಗಿ, ನೋಡಲು ಬಂದವರೆಲ್ಲ ಮೀನು ಕೊಂಡರು. ಮಧ್ಯಾಹ್ನ ಚಿಗವ್ವನೂ ಖಾಜಾಬಿಯೂ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಹಂಚಿಕೊಂಡು ತಿಂದರು. ತಾನು ಸತ್ತ ದಿನ ಯಾರು ಯಾರು ಏನೇನು ಅಂದರು ಎಂದು ಚಿಗವ್ವ ಮತ್ತೆ ಮತ್ತೆ ಹೇಳಿಸಿಕೊಂಡು ನಕ್ಕಳು. ಕಲಬುರಗಿಯಿಂದ ಬಂದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಬಿಸಿಲು ಇಳಿದಾಗ ಬುಟ್ಟಿ ಬರಿದಾಗಿತ್ತು. ಏಳು ಎಂದು ಕೈ ಕೊಟ್ಟೆ. ಚಿಗವ್ವ ಕೋಲು ನೆಲಕ್ಕೂರಿದಳು. ಏಳಲಾಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಕಾಲು ಅವಳ ಮಾತು ಕೇಳುತ್ತಿರಲಿಲ್ಲ. ನಾನು ಒಂದು ತೋಳು, ದೂರದಲ್ಲಿ ವ್ಯಾಪಾರ ಮಾಡುತ್ತಿದ್ದ ರೇಣುಕಾ ಓಡಿ ಬಂದು ಇನ್ನೊಂದು ತೋಳು ಹಿಡಿದು ಎತ್ತಿದೆವು. ಅರ್ಧಕ್ಕೆ ಎದ್ದಾಗ ಚಿಗವ್ವ ಕೂಗಿದ ಕೂಗಿಗೆ ಸಿದ್ದಪ್ಪ ಎದ್ದು ನಿಂತ. ನೆಟ್ಟಗೆ ನಿಲ್ಲಿಸಿದ ಮೇಲೂ ಅವಳ ಮೈ ಬಹಳ ಹೊತ್ತು ನಡುಗುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಬೆವರು ಒರೆಸಿಕೊಂಡು ಚಿಗವ್ವ ಆ ತಟ್ಟಿನಷ್ಟು ನೆಲವನ್ನು ನೋಡಿದಳು. ಆಮೇಲೆ ತಟ್ಟು ತೆಗೆಯಲು ನನಗೆ ಹೇಳಿದಳು. ತೆಗೆದು ಝಾಡಿಸಿದೆ.

"ಖಾಜಾಬಿ, ಈಗ ಇಡು" ಎಂದಳು.

ಖಾಜಾಬಿಗೆ ಅರ್ಥವಾಯಿತು. "ಇಡಂಗಿಲ್ಲ" ಎಂದಳು.

"ಇನ್ನ ನನಗ ಬರಾಕ ಆಗಂಗಿಲ್ಲ. ನೋಡಿದ್ಯಲ್ಲ. ಈ ಹುಡುಗಿ ಕಳ್ಳರಂಗ ಕುಂದ್ರೂದು ಬ್ಯಾಡ, ಪದ್ಧತಿಲೆ ಕುಂದ್ರಲಿ."

"ಜೀವ ಇರಾಕಿಗೆ ಯಾರರೆ ಇಡ್ತಾರೇನಕ್ಕಾ?"

"ಸತ್ತ ಮ್ಯಾಲ ಇಟ್ರ ನಾ ನೋಡತೇನೇನು? ಅವರೆಲ್ಲಾರು ಇಟ್ಟಿದ್ದ ನಾ ನೋಡ್ಲಿಲ್ಲ. ನಿಂದೊಂದರೆ ನೋಡಿ ಹೋಗ್ತೇನಿ."

ಖಾಜಾಬಿ ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ಚುರುಮುರಿ ತೆಗೆದಳು. ಖಾಲಿ ನೆಲದ ಮೇಲೆ ಕೈ ಚಾಚಿ ನಿಂತಳು. ಮುಷ್ಟಿ ಬಿಚ್ಚಲಿಲ್ಲ. ಚಿಗವ್ವ ಕೋಲನ್ನು ನನ್ನ ಕೈಗೆ ಕೊಟ್ಟು, ಖಾಜಾಬಿಯ ಮಣಿಕಟ್ಟು ಹಿಡಿದು, ಅವಳ ಬೆರಳುಗಳನ್ನು ಒಂದೊಂದಾಗಿ ತಾನೇ ಬಿಚ್ಚಿದಳು.

ಕೊನೆಯ ಆಟೋ ಹಾರ್ನ್ ಹೊಡೆಯುತ್ತಿತ್ತು. ಚಿಗವ್ವನನ್ನು ಮುಂದಿನ ಸೀಟಿನಲ್ಲಿ ಕೂಡಿಸಿ ನಾನು ಹಿಂದೆ ಕೂತೆ. ಆಟೋ ಶಾಲೆಯ ಗೋಡೆ ದಾಟುವಾಗ ತಿರುಗಿ ನೋಡಿದೆ. ಸಾಲಿನವರು ಗಂಟು ಕಟ್ಟುತ್ತಿದ್ದರು. ಚಿಗವ್ವ ತಿರುಗಲಿಲ್ಲ.

"ಯಾರರೆ ಕುಂತಾರೇನು?" ಎಂದು ಕೇಳಿದಳು.

"ಇಲ್ಲ. ಯಾರೂ ಕುಂತಿಲ್ಲ."

"ಕುಂದ್ರಂಗಿಲ್ಲ" ಎಂದಳು ಚಿಗವ್ವ. "ಇವತ್ತ ಹೊತ್ತ ಮುಳುಗೂತನ ಅದು ನಂದು."