ಸಾಂಬ್ರಾಣಿಗೆ ಬಂದ ಅಮೆರಿಕದ ಹುಳು

ಬಸ್ಸು ಕೆಡಬಹುದಿತ್ತು. ಹುಳದ ಡಬ್ಬಿಯ ಮೇಲೆ ಯಾರಾದರೂ ಕೂತುಬಿಡಬಹುದಿತ್ತು. ಕಂಡಕ್ಟರು ಹುಳಕ್ಕೂ ಟಿಕೀಟು ಕೇಳಬಹುದಿತ್ತು. ಸೆಕೆಗೆ ಅವೆಲ್ಲ ಸತ್ತು, ನಾನು ಹೆಣಗಳಿಗೆ ಗಾಳಿ ಹಾಕುತ್ತ ಕೂತಿರಬಹುದಿತ್ತು. ನಿದ್ದೆ ಹತ್ತಿ ಹಳಿಯಾಳ ದಾಟಿ, ದಾಂಡೇಲಿ ದಾಟಿ, ಜೋಯಿಡಾದ ಕಾಡಿನಲ್ಲಿ ಎಚ್ಚರಾಗಬಹುದಿತ್ತು. ಇಷ್ಟನ್ನೂ ಧಾರವಾಡದ ನಿಲ್ದಾಣದಲ್ಲೇ ಯೋಚಿಸಿ ಮುಗಿಸಿದ್ದೆ.

ದಾಂಡೇಲಿಯ ಕಾಗದದ ಗಿರಣಿಗೆ ಇನ್ನೂ ಹೊಸತನ ಹೋಗಿರದ ಕಾಲ. ನನಗೆ ನಲವತ್ತು ದಾಟಿತ್ತು; ಹಳಿಯಾಳದ ಕೃಷಿ ಕಚೇರಿಯಲ್ಲಿ ಇನ್ನೂ ಹಂಗಾಮಿ ನೌಕರ. ಧಾರವಾಡದ ಸಾಹೇಬರು ಡಬ್ಬಿ ಕೊಡುತ್ತ, "ಅಮೆರಿಕದ ಗುಲಗಂಜಿ ಹುಳಾ ಇವು. ಗಿಡದ ರಸ ಹೀರೂ ಹುಳಾನ್ನ ತಿಂತಾವ. ಸಾಂಬ್ರಾಣಿ ಹಳ್ಳ್ಯಾಗ ಇವು ನೆಲಿ ನಿಂತ್ರ ನೀವೂ ಕಾಯಂ ಆದ್ರಿ ಅಂತ ತಿಳೀರಿ" ಎಂದರು.

ಜಾಲರಿಯಲ್ಲಿ ಇಣುಕಿದೆ. ಗುಲಗಂಜಿಯ ಕೆಂಪಿಲ್ಲ, ಚುಕ್ಕೆಯಿಲ್ಲ. ಕರಿ ಎಳ್ಳಿಗೆ ಕಾಲು ಬಂದಂತಿತ್ತು.

"ಇದನ್ನ ಅಮೆರಿಕದಾಗೂ ಭಾಳ ಮಂದಿ ನೋಡಿಲ್ಲಂತ್ರಿ" ಎಂದರು ಸಾಹೇಬರು.

ನನ್ನ ನೌಕರಿ ಇಂಥ ಅನಾಮಧೇಯರ ಹಸಿವಿನ ಮೇಲೆ ನಿಂತಿತ್ತು.

ಸಾಂಬ್ರಾಣಿಯ ಗೌಡತಿಯೊಬ್ಬಳ ಹಿತ್ತಲಿನ ನಿಂಬೆಗಿಡವನ್ನು ಇದಕ್ಕೆ ಗೊತ್ತುಮಾಡಿದ್ದೆ. ಬೊಡ್ಡೆಯಿಂದ ತುದಿಯವರೆಗೆ ಬಿಳಿ ಹಕ್ಕಳೆಯ ಹಾಗೆ ರಸ ಹೀರುವ ಹುಳ ಅಂಟಿದ ಗಿಡ. ಅಲ್ಲೇನಾದರೂ ತಪ್ಪೀತೆಂಬ ಹೆದರಿಕೆಗೆ ಎರಡು ಸಲ ಹೇಳಿಕಳಿಸಿದ್ದೆ: ಸೋಮವಾರ ಅಮೆರಿಕದಿಂದ ಹುಳ ಬರುತ್ತವೆ, ಎಲ್ಲ ಸಜ್ಜಾಗಿರಲಿ.

ಬಸ್ಸು ಕೆಡಲಿಲ್ಲ. ಡಬ್ಬಿಯಲ್ಲಿ ಎಲ್ಲರೂ ಜೀವಂತ. ಗೌಡತಿಯ ಅಂಗಳದಲ್ಲಿ ಸಗಣಿ ಸಾರಿಸಿ ರಂಗೋಲಿ ಬಿಟ್ಟಿದ್ದರು.

"ಬರ್ರಿ, ಬರ್ರಿ. ಎಲ್ಲಿ ಅದಾರ ಬೀಗರು?"

ಡಬ್ಬಿ ತೋರಿಸಿದೆ.

"ಅಯ್ಯ ಶಿವನ! ಇಷ್ಟ ಸಣ್ಣಾವು? ಇವಕ್ಕ ಇಷ್ಟು ಸಡಗರ ಮಾಡಿದ್ರೇನ್ರಿ ನೀವು?"

ನಗುತ್ತ ಹಿತ್ತಲಿಗೆ ನಡೆದೆ. ಗಿಡ ಥಳಥಳ ಹೊಳೆಯುತ್ತಿತ್ತು. ಬೊಡ್ಡೆಗೆ ಮೂರು ಬೆರಳಿನ ವಿಭೂತಿ.

"ನಾನೂ ಸೊಸೀನೂ ಕೂಡಿ ತಿಕ್ಕೇವ್ರಿ, ಬೂದಿ ನಾರು ಹಚ್ಚಿ, ತಾಮ್ರದ ಕೊಡಾ ತಿಕ್ಕಿದಂಗ. ಒಂದೊಂದ ಎಲೀನೂ ಒರಸೇವಿ. ಹೊಲಸು ಗಿಡಾ ಇಟಗೊಂಡು ಪರದೇಶದವ್ರನ್ನ ಹೆಂಗ ಕರಿಯೂದು, ಹೇಳ್ರಿ?"

ತಿನ್ನಲು ಒಂದಾದರೂ ಬಿಳಿ ಹುಳ ಉಳಿದೀತೇ ಎಂದು ಗಿಡವನ್ನು ಮೂರು ಸಲ ಸುತ್ತಿ ಹುಡುಕಿದೆ. ಪ್ರದಕ್ಷಿಣೆ ಎಂದುಕೊಂಡು ಸೊಸೆ ಕೈ ಮುಗಿದಳು. ಡಬ್ಬಿ ಬಿಚ್ಚಿದೆ. ಅಮೆರಿಕದವರು ಸ್ವಚ್ಛ ರೆಂಬೆಯ ಮೇಲೆ ತುದಿಯವರೆಗೆ ನಡೆದು, ಅರೆಗಳಿಗೆ ನಿಂತು, ಹಾರಿಹೋದರು.

ಗೌಡತಿಯ ಮುಖ ಸಣ್ಣದಾಯಿತು. "ನಮ್ಮ ಗಿಡಾ ಅವಕ್ಕ ಸೇರಲಿಲ್ಲೇನ್ರಿ?"

"ಭಾಳ ಸೇರಿತ್ರಿ," ಎಂದೆ.

ನಾನು ಕಾಯಂ ಆಗುವುದಕ್ಕೆ ಕಡಿಮೆ ಬಿದ್ದದ್ದು ಒಂದು ಹಿಡಿ ಹೊಲಸು.